ಜಪ್ಪಯ್ಯ ಎಂದರೂ ಕದಲದ ಎಡಗಡೆಯ ಬೋಲ್ಟ್ ಮಹಾಶಯರಿಗೆ

ನಮ್ಮ ಮನೆಯ ಹಳೆಯ ಕೆಂಪು ಸ್ಪೋರ್ಟ್ಸ್ ಕಾರಿನ ಮುಂದಿನ ಎಡಚಕ್ರವನ್ನು ಹಿಡಿದಿಡುವ ಕಬ್ಬಿಣದ ಕೆಳತೋಳಿನಲ್ಲಿ ಬಹುಕಾಲ ಅಧಿಕಾರ ನಡೆಸಿ, ಸದ್ಯ ಷೆಡ್ಡಿನ ಕಿಟಕಿಯ ಕಟ್ಟೆಯ ಮೇಲೆ ವಿಶ್ರಾಂತಿ ಪಡೆಯುತ್ತಿರುವ ಬೋಲ್ಟ್ ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವೆಂದು ಭಾವಿಸುತ್ತೇನೆ. ಎರಡು ತುಂಡಾದವರ ಕ್ಷೇಮವನ್ನು ವಿಚಾರಿಸುವ ಕ್ರಮವನ್ನು ಶಾಲೆಯ ಪತ್ರಲೇಖನದಲ್ಲಿ ನಮಗೆ ಯಾರೂ ಹೇಳಿಕೊಡಲಿಲ್ಲವಾದ್ದರಿಂದ, ತಮ್ಮ ತಲೆಯ ಭಾಗಕ್ಕೂ ಬಾಲದ ಭಾಗಕ್ಕೂ ಬೇರೆಬೇರೆಯಾಗಿ ನಮಸ್ಕಾರಗಳನ್ನು ಸಲ್ಲಿಸುತ್ತಿದ್ದೇನೆ.

ತಮಗೆ ತಿಳಿಯದ್ದೇನೂ ಅಲ್ಲ, ಆದರೂ ಅರಿಕೆ ಮಾಡಿಕೊಳ್ಳುತ್ತೇನೆ. ನಮ್ಮ ಕಾರಿನ ಮುಂದಿನ ಸಸ್ಪೆನ್ಷನ್ ಸವೆದು ಸವೆದು, ನಾನು ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದರೆ ಕಾರು ಅದನ್ನು ಬರೀ ಒಂದು ಸಲಹೆಯೆಂದು ಪರಿಗಣಿಸಿ, ಸ್ವಲ್ಪ ಹೊತ್ತು ಯೋಚಿಸಿ, ಮನಸ್ಸಾದರೆ ತಿರುಗುವ ಹಂತಕ್ಕೆ ಬಂದಿತ್ತು. ಹಳ್ಳಕ್ಕೆ ಇಳಿದಾಗಲೆಲ್ಲ ಅಡುಗೆಮನೆಯ ಪಾತ್ರೆಗಳೆಲ್ಲ ಒಟ್ಟಿಗೆ ಬಿದ್ದಂಥ ಸದ್ದು. ಕೊನೆಗೊಂದು ದಿನ ನನ್ನ ಹೆಂಡತಿ ಪಕ್ಕದಲ್ಲಿ ಕುಳಿತಿರುವಾಗಲೇ ಅದು ನೇರ ರಸ್ತೆಯನ್ನು ಬಿಟ್ಟು ಎದುರುಮನೆಯ ಕಾಂಪೌಂಡನ್ನು ಮಾತಾಡಿಸಲು ಹೊರಟಿತು. ಕೆಳಗಿಳಿದ ಅವಳು ಬಾಗಿಲನ್ನು ಮೆಲ್ಲಗೆ ಮುಚ್ಚಿ, "ಭಾನುವಾರ ಇದು ನೆಟ್ಟಗೆ ಓಡಿದ್ರೆ ಮನೇಲಿರತ್ತೆ, ಇಲ್ಲಾಂದ್ರೆ ಗುಜರಿಯವನಿಗೆ ಫೋನ್ ಮಾಡ್ತೀನಿ" ಎಂದಳು. ಅವಳು ಬಾಗಿಲನ್ನು ದಡಾರನೆ ಹಾಕಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ಮದುವೆಗೂ ಮುಂಚಿನಿಂದ ನನ್ನ ಜೊತೆಗಿರುವ ಕಾರು, ಸ್ವಾಮಿ! ಅದು ಗುಜರಿಗೆ ಹೋಗುತ್ತದೆಂದರೆ ಊಟ ಸೇರುತ್ತದೆಯೇ?

ಸರಿ, ಜಾಕ್ ಏರಿಸಿ ಕೆಲಸಕ್ಕೆ ಕುಳಿತೆ. ಶಾಕ್ ಅಬ್ಸಾರ್ಬರುಗಳು ಸಜ್ಜನರಂತೆ ಎದ್ದುಹೋದವು. ಬಾಲ್ ಜಾಯಿಂಟುಗಳು ಎರಡೇಟಿಗೆ ರಾಜೀನಾಮೆ ಕೊಟ್ಟವು. ತಾವೊಬ್ಬರು ಮಾತ್ರ, ಹೊಸಬರು ಬಂದು ಬಾಗಿಲಲ್ಲಿ ನಿಂತಿದ್ದರೂ ಕುರ್ಚಿ ಬಿಡದ ಹಿರಿಯ ಅಧಿಕಾರಿಯಂತೆ, ಬುಷ್ಷೆಂಬ ರಬ್ಬರಿನ ಬಳೆಯೊಳಗೆ ತುಕ್ಕು ಕಟ್ಟಿಕೊಂಡು ಕುಳಿತುಬಿಟ್ಟಿರಿ. ಸೀಮೆಎಣ್ಣೆ ಕುಡಿಸಿದೆ, ಬೆಂಕಿ ಹಿಡಿದು ಕಾಯಿಸಿದೆ, ಸುತ್ತಿಗೆಯಿಂದ ಬಡಿದೆ. ಜಪ್ಪಯ್ಯ ಎಂದರೂ ಕದಲಲಿಲ್ಲ ತಾವು. ಹಾವು ಸಾಯಲಿಲ್ಲ, ನನ್ನ ಸ್ಪ್ಯಾನರೆಂಬ ಕೋಲು ಮಾತ್ರ ಮುರಿಯಿತು. ಕರ್ತವ್ಯನಿಷ್ಠೆಯೆಂದರೆ ಅದು, ಮಾನ್ಯರೇ! ತಮ್ಮಂಥವರು ನಾಲ್ಕು ಜನ ಇದ್ದಿದ್ದರೆ ಈ ಜಗತ್ತಿನಲ್ಲಿ ಏನೂ ಬಿಚ್ಚುತ್ತಲೇ ಇರಲಿಲ್ಲ.

ನನ್ನ ಬೈಗುಳ ಬೀದಿಗೆ ಕೇಳಿಸತೊಡಗಿದಾಗ ಅತ್ತೆಯವರು ಹೊಲಿಗೆ ಯಂತ್ರದ ಎಣ್ಣೆಯ ಬುಡ್ಡಿ ಹಿಡಿದು ಷೆಡ್ಡಿಗೆ ಬಂದು, "ಹೆದರಿಸ್ಬೇಡಿ ಅಳಿಯಂದ್ರೇ, ನಿಧಾನಕ್ಕೆ ಕೇಳಿ ನೋಡಿ" ಎಂದರು. ಅಂದಿನಿಂದಲೇ ನಾನು ತಮ್ಮನ್ನು ಬಹುವಚನದಲ್ಲಿ ಸಂಬೋಧಿಸತೊಡಗಿದ್ದು. ದಯವಿಟ್ಟು ಬನ್ನಿ ಎಂದೆ, ತಾವು ದೊಡ್ಡವರು ಎಂದೆ, ಎಣ್ಣೆಯ ಬುಡ್ಡಿಯೂ ಖಾಲಿಯಾಯಿತು. ಆಮೇಲೆ ಗರಗಸ ತಂದೆ. ಮುಂದಿನದು ತಮಗೆ ಗೊತ್ತೇ ಇದೆ.

ತಾವು ಎರಡಾಗಿ ಕೆಳಗೆ ಬಿದ್ದ ಗಳಿಗೆಯಲ್ಲಿ ನನಗಾದ ಸಂತೋಷವನ್ನು ಹೇಗೆ ಬಣ್ಣಿಸಲಿ? ಷೆಡ್ಡಿನಲ್ಲಿ ಕುಣಿದೆ, ತಲೆಯನ್ನು ಚಕ್ರದ ಮೇಲಿನ ತಗಡಿಗೆ ಹೊಡೆದುಕೊಂಡೆ, ಮತ್ತೂ ಕುಣಿದೆ. ಆ ಕುಣಿತದಲ್ಲೇ ಹೊಸ ತೋಳು, ಹೊಸ ಬುಷ್ಷು, ತಮ್ಮ ಉತ್ತರಾಧಿಕಾರಿ, ಎಲ್ಲವನ್ನೂ ಕೂರಿಸಿ, ಚಕ್ರಗಳು ಇನ್ನೂ ಗಾಳಿಯಲ್ಲಿ ತೂಗುತ್ತಿರುವಾಗಲೇ ಬಲವಾಗಿ ಬಿಗಿದುಬಿಟ್ಟೆ. ಆತುರಗಾರನಿಗೆ ಬುದ್ಧಿ ಮಟ್ಟ. ರಬ್ಬರಿನ ಬುಷ್ಷು ಬಿಗಿದ ಭಂಗಿಯಲ್ಲೇ ಹಟ ಹಿಡಿಯುತ್ತದೆ, ಆದ್ದರಿಂದ ಕಾರು ತನ್ನ ಭಾರವನ್ನೆಲ್ಲ ಚಕ್ರದ ಮೇಲೆ ಬಿಟ್ಟು ನಿಂತ ಮೇಲೆಯೇ ಅದನ್ನು ಬಿಗಿಯಬೇಕು ಎಂಬುದು ನನಗೆ ಬಾಯಿಪಾಠವಿದ್ದ ವಿಷಯ. ಜಾಕ್ ಇಳಿಸಿ ನೋಡಿದರೆ, ನಮ್ಮ ಕೆಂಪು ಕಾರು ಎತ್ತರದ ಸೊಪ್ಪಿಗೆ ಕತ್ತು ಚಾಚಿದ ಮೇಕೆಯಂತೆ ಮೂತಿ ಎತ್ತಿಕೊಂಡು ನಿಂತಿತ್ತು. ಅಂದು ಶನಿವಾರ.

ಎಲ್ಲವನ್ನೂ ಮತ್ತೆ ಸಡಿಲಿಸಿ, ನಾಲ್ಕೂ ಚಕ್ರಗಳ ಕೆಳಗೆ ಮರದ ದಿಮ್ಮಿ ಕೊಟ್ಟು, ಭಾರಕ್ಕೆ ಜನ ಬೇಕೆಂದು ಮನೆಯೊಳಗೆ ಹೋಗಿ ಕೈಮುಗಿದೆ. ಇರುವುದೇ ಎರಡು ಸೀಟು. ಅತ್ತೆಯವರು ಪಕ್ಕದ ಸೀಟಿನಲ್ಲಿ ಖುಷಿಯಾಗಿಯೇ ಕುಳಿತರು. ನನ್ನ ಹೆಂಡತಿ ಮುಖ ಗಂಟಿಕ್ಕಿಕೊಂಡು ಸ್ಟಿಯರಿಂಗಿನ ಮುಂದೆ ಕುಳಿತಳು. ಸ್ವಲ್ಪ ಕುಲುಕಾಡಿ ಎಂದು ನಾನು ಕೆಳಗಿನಿಂದ ಬೇಡಿಕೊಂಡೆ. ಮೊದಲು ಅತ್ತೆಯವರ ನಗು ಕೇಳಿಸಿತು, ಕಾರು ಬೆರಳಷ್ಟು ಇಳಿಯಿತು. ಆಮೇಲೆ ಇನ್ನೊಂದು ನಗು. ಆ ಕಾರಿನಲ್ಲಿ ಅವಳು ನಕ್ಕಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಎಣ್ಣೆ ಮೂಗಿನ ಮೇಲೆ ತೊಟ್ಟಿಕ್ಕುತ್ತಿದ್ದರೂ ನಾನು ಬೋಲ್ಟ್ ಬಿಗಿಯುತ್ತ ಸುಮ್ಮನೆ ನಗುತ್ತ ಮಲಗಿದ್ದೆ.

ಭಾನುವಾರ ಬೆಳಿಗ್ಗೆ ದಿಮ್ಮಿ ತೆಗೆದು, ಪರೀಕ್ಷೆಗೆ ಹೊರಡೋಣವೆಂದು ನಲ್ಲಿಯ ಹತ್ತಿರ ಕೈ ತೊಳೆದು ಬರುವಷ್ಟರಲ್ಲಿ ಷೆಡ್ಡು ಖಾಲಿ. ಬೀದಿಗೆ ಓಡಿ ನೋಡಿದರೆ ಕಾರು ನೂಲು ಹಿಡಿದಂತೆ ನೆಟ್ಟಗೆ, ಕಿಂಚಿತ್ತೂ ಸದ್ದಿಲ್ಲದೆ ಹೋಗುತ್ತಿದೆ, ಒಳಗೆ ತಾಯಿ ಮಗಳು. ಮಧ್ಯಾಹ್ನ ಊಟದ ಹೊತ್ತಿಗೆ ಹಿಂದಿರುಗಿದ ನನ್ನ ಹೆಂಡತಿ, ಕೆದರಿದ ಕೂದಲನ್ನು ಸರಿಮಾಡಿಕೊಳ್ಳುತ್ತ, "ಗುಜರಿಯವನಿಗೆ ಫೋನ್ ಮಾಡಲ್ಲ, ಕೀ ನನ್ನ ಹತ್ರಾನೇ ಇರ್ಲಿ" ಎಂದಳು.

ಕಾರು ಉಳಿಯಿತು, ಮಾನ್ಯರೇ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಅಷ್ಟೇ. ಆದಕಾರಣ ನನ್ನ ಬಿನ್ನಹವೇನೆಂದರೆ, ತಾವು ದಯಮಾಡಿ ನಿವೃತ್ತಿಯಿಂದ ಎದ್ದು ಬಂದು ಎಲ್ಲಾದರೂ ಒಂಚೂರು ಕಟಕಟ ಎನ್ನಬೇಕು. ಅವಳು ಗಾಬರಿಯಾಗಿ ನನ್ನನ್ನು ಕರೆಯುವಷ್ಟು ಸಾಕು. ಅದಾಗದಿದ್ದರೆ, ಎಷ್ಟು ಬಡಿದರೂ ಕುಳಿತ ಜಾಗವನ್ನು ಬಿಡದಿರುವ ತಮ್ಮ ವಿದ್ಯೆಯನ್ನಾದರೂ ನನಗೆ ಧಾರೆಯೆರೆಯಬೇಕು.

ಇಂತಿ,
ತಮ್ಮಂತೆಯೇ ಸೀಟು ಕಳೆದುಕೊಂಡ,
ತಮ್ಮ ವಿಶ್ವಾಸಿ

ವಿ.ಸೂ.: ತಮ್ಮ ಜಾಗಕ್ಕೆ ಬಂದವರಿಗೆ ಧಾರಾಳವಾಗಿ ಗ್ರೀಸ್ ಹಚ್ಚಿದ್ದೇನೆ, ಮುಂದೆ ಇಳಿಯಿರಿ ಎಂದ ದಿನ ಅವರು ಮರ್ಯಾದೆಯಿಂದ ಇಳಿಯುತ್ತಾರೆ. ಸ್ಟಿಯರಿಂಗಿನ ಮುಂದೆ ಕುಳಿತವರನ್ನು ಇಳಿಸುವುದಕ್ಕೆ ಏನು ಹಚ್ಚಬೇಕೆಂದು ಅತ್ತೆಯವರನ್ನು ವಿಚಾರಿಸಿದೆ. "ಹೆದರಿಸ್ಬೇಡಿ ಅಳಿಯಂದ್ರೇ, ನಿಧಾನಕ್ಕೆ ಕೇಳಿ ನೋಡಿ" ಎಂದರು, ಪಕ್ಕದ ಸೀಟಿನಲ್ಲಿ ಕುಳಿತುಕೊಂಡೇ, ಕಿಟಕಿಯ ಗಾಜು ಏರಿಸುತ್ತ.