ಪತ್ರಾವಳಿಯ ಕಡ್ಡಿಯೂ ನನ್ನ ವಾದವೂ

ಎದುರಾಳಿಗೆ ಉಸಿರಾಡಲೂ ಬಿಡಬಾರದೆಂಬುದು ಚರ್ಚಾಸ್ಪರ್ಧೆಗಳಲ್ಲಿ ನನ್ನ ನಿಯಮ. ಸಿಂದಗಿಯಲ್ಲಿ ಗೆಳೆಯನ ಮದುವೆಯ ಊಟದ ಪಂಕ್ತಿಯಲ್ಲೂ ಅದನ್ನೇ ಪಾಲಿಸಿದೆ. ಪಕ್ಕದ ಹಿರಿಯರು ಮುಹೂರ್ತದ ಮಹಿಮೆ ಹೇಳುತ್ತಿದ್ದರು. ಅವರು ತುತ್ತು ಅಗಿಯುವಷ್ಟರಲ್ಲಿ ನಾನು ನನ್ನದನ್ನು ನುಂಗಿ ಪ್ರಶ್ನೆ ಎಸೆಯುತ್ತಿದ್ದೆ. ಅಗಿಯುತ್ತ ಕಾಲಹರಣ ಮಾಡುವವನು ವಾದಿಯೇ ಅಲ್ಲ! ತುಪ್ಪದಲ್ಲಿ ನೆನೆದ ಹೋಳಿಗೆ ಪತ್ರಾವಳಿಗೆ ಅಂಟಿಕೊಂಡಿತ್ತು, ಕಿತ್ತು ನುಂಗಿದೆ. ಗಂಟಲಲ್ಲಿ ಏನೋ ಗೀರಿದಂತಾಯಿತು. ನೀರು ಕುಡಿದು ವಾದ ಮುಂದುವರಿಸಿದೆ. ಹಿರಿಯರು ಮಜ್ಜಿಗೆಗೂ ಕಾಯದೆ ಎದ್ದುಹೋದರು. ಗೆದ್ದೆ!

ನಮ್ಮೂರು ಇಂಡಿಗೆ ಮರಳಿದ ಮೇಲೆ ಹೊಟ್ಟೆ ಹಿಂಡತೊಡಗಿತು. ಅವ್ವ ದೃಷ್ಟಿಯೆಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ದೃಷ್ಟಿಯಾಗಿದ್ದರೆ ಘಾಟು ಬರುವುದಿಲ್ಲವೆಂದು ಅವಳೇ ಹೇಳುತ್ತಿದ್ದಳು. ಈಗ ಮನೆಯೆಲ್ಲ ಕೆಮ್ಮಿತು. ಅವಳ ಶಾಸ್ತ್ರದಿಂದಲೇ ಅವಳನ್ನು ಸೋಲಿಸಿದೆ.

ಊರಿನ ಆಸ್ಪತ್ರೆಯ ಡಾಕ್ಟರು ಹೊಟ್ಟೆ ಒತ್ತಿ, ಏನಾದರೂ ನುಂಗಿದ್ದೀರಾ ಎಂದು ಕೇಳಿದರು. ನುಂಗಿದ್ದರೆ ನನಗೆ ಗೊತ್ತಾಗದೇ ಎಂದೆ. ಎಕ್ಸ್‌ರೇಯಲ್ಲೂ ಏನೂ ಕಾಣಲಿಲ್ಲ. ಆದರೂ ಎರಡು ದಿನ ಇಲ್ಲೇ ಇರಿ ಎಂದರು. ಸಾಕ್ಷ್ಯವಿಲ್ಲದೆ ಯಾರನ್ನೂ ಬಂಧನದಲ್ಲಿಡುವಂತಿಲ್ಲವೆಂದು ಭಾಷಣ ಮಾಡಿ, ಎಕ್ಸ್‌ರೇಯನ್ನು ಬಹುಮಾನದ ಫಲಕದಂತೆ ಹಿಡಿದು ಮನೆಗೆ ಬಂದೆ.

ಮರುದಿನ ಹೊಟ್ಟೆ ಹಲಗೆಯಂತಾಯಿತು. ಜ್ವರ, ವಾಂತಿ. ಬಿಜಾಪುರದವರೆಗೂ ಜೀಪಿನಲ್ಲಿ ಅವ್ವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದೆ. ಅವಳು ದಾರಿಯುದ್ದಕ್ಕೂ ಒಂದೊಂದೇ ದೇವರಿಗೆ ಹರಕೆ ಹೊರುತ್ತಿದ್ದಳು. ಆಗ ನನಗೆ ನಿಜವಾಗಿ ಭಯವಾಯಿತು.

ಆಪರೇಶನ್ ಮುಗಿದು ಎಚ್ಚರವಾದಾಗ ಅಲ್ಲಿಯ ಡಾಕ್ಟರು ಪುಟ್ಟ ಸೀಸೆಯೊಂದನ್ನು ತೋರಿಸಿದರು. ಒಳಗಿದ್ದದ್ದು ಪತ್ರಾವಳಿಯ ಎಲೆ ಹೊಲಿಯುವ ಕಡ್ಡಿ. ಕರುಳನ್ನು ಚುಚ್ಚಿ ತೂತು ಮಾಡಿತ್ತಂತೆ.

“ಎಕ್ಸ್‌ರೇದಾಗ ಇರಲಿಲ್ಲಲ್ರಿ,” ಎಂದೆ, ಕ್ಷೀಣವಾಗಿ.

“ಕಟ್ಟಿಗಿ ಅದರಾಗ ಕಾಣಂಗಿಲ್ರಿ.”

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಪತ್ರಾವಳಿನರ ಉಳಿಸ್ಯಾನಲ್ರಿ, ಅದ ನಮ್ಮ ಪುಣ್ಯಾ.”

ಹೊಲಿದ ಕರುಳು ಕೆಲಸ ಶುರು ಮಾಡಿತೆಂದು ತಿಳಿಯಲು ಕೆಳಗಿನಿಂದ ಗಾಳಿ ಸರಿಯಬೇಕಂತೆ. ಅಲ್ಲಿಯವರೆಗೆ ನನಗೆ ಹನಿ ನೀರೂ ಇಲ್ಲ. ಅವ್ವನೂ ಊಟ ಬಿಟ್ಟು ಕುಳಿತಳು. ನೋಡಲು ಬಂದ ಯಾರೂ ನನ್ನ ಅಭಿಪ್ರಾಯ ಕೇಳಲಿಲ್ಲ. ಗಾಳಿ ಸರಿಯಿತೇ ಎಂದಷ್ಟೇ ಕೇಳಿದರು. ಪಕ್ಕದ ಮಂಚದ ಅಜ್ಜ ಆಗಾಗ ಮಾತು ನಿಲ್ಲಿಸಿ ಇತ್ತ ಕಿವಿಗೊಡುತ್ತಿದ್ದ.

ಕೊನೆಗೊಂದು ಮಧ್ಯಾಹ್ನ, ವಾರ್ಡಿಗೆಲ್ಲ ಕೇಳುವಂತೆ, ಸರಿಯಿತು. ಅವ್ವ ಮೇಲೆ ನೋಡಿ ಕೈಮುಗಿದಳು. ಅಜ್ಜ ಚಪ್ಪಾಳೆ ತಟ್ಟಿದ.

ಎಷ್ಟೋ ವೇದಿಕೆ ಹತ್ತಿದ್ದೇನೆ. ಒಂದೂ ಆಕ್ಷೇಪವಿಲ್ಲದೆ ಸಭೆ ಒಪ್ಪಿಕೊಂಡ ನನ್ನ ಮಂಡನೆ ಅದೊಂದೇ!