ಒಗ್ಗರಣೆ ಇಲ್ಲದ ಮೂರು ವಾರ

ಅಡುಗೆಮನೆಯಲ್ಲಿ ಕೆಲಸ ಮಾಡೋರು ನಗೋಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಒಲೆ ಹಚ್ಚಿದರೆ ಸಾಕು, ಏನಾದರೊಂದು ಆಗುತ್ತಲೇ ಇರುತ್ತೆ.

ಮಾಲೂರಿನ ಹತ್ತಿರದ ಒಂದು ಫ್ಯಾಕ್ಟರಿಯ ಗೆಸ್ಟ್ ಹೌಸಿನಲ್ಲಿ ನಾನು ಅಡುಗೆಯವಳು. ಜೊತೆಗೆ ಕೋಲಾರದ ಒಬ್ಬ ಭಾಯ್. ಬಿರಿಯಾನಿ ಅವರದು, ಮುದ್ದೆ-ಸಾರು ನನ್ನದು. ಫ್ಯಾಕ್ಟರಿಗೆ ಜಪಾನಿನ ಇಂಜಿನಿಯರುಗಳು ಬಂದ ಮೇಲೆ ನಮ್ಮ ಖಾರಕ್ಕೆ ದಿನಾ ಅವರ ಕಣ್ಣಲ್ಲಿ ನೀರು. ಮ್ಯಾನೇಜರು ನಮ್ಮಿಬ್ಬರನ್ನೂ ಕರೆದು, ಮೂರು ವಾರ ಜಪಾನಿ ಅಡುಗೆ ಕ್ಲಾಸು ಇಡಿಸ್ತೀನಿ, ಕಲಿತರೆ ಅಡುಗೆಮನೆ ನಿಮ್ಮದು, ಇಲ್ಲದಿದ್ದರೆ ಬೆಂಗಳೂರಿನವರಿಗೆ ಕಂಟ್ರಾಕ್ಟು ಅಂದರು. ಕಲಿಯದೆ ಬಿಡೋದಿಲ್ಲ ಅಂತ ನಾವಿಬ್ಬರೂ ನಿಂತ ಜಾಗದಲ್ಲೇ ತೀರ್ಮಾನ ಮಾಡಿದೆವು.

ಕಲಿಸೋಕೆ ಬಂದವರು ಒಬ್ಬ ಇಂಜಿನಿಯರರ ಹೆಂಡತಿ. ನಮ್ಮ ಬಾಯಲ್ಲಿ ಅವರು ಟೀಚರಮ್ಮ. ಅವರ ಮಾತನ್ನು ಕನ್ನಡದಲ್ಲಿ ಹೇಳೋಕೆ ಆಫೀಸಿನಿಂದ ಶ್ರೀನಿವಾಸಪುರದ ಒಬ್ಬ ಹುಡುಗಿಯನ್ನು ಕಳಿಸಿದ್ದರು.

೧. ಅನ್ನ

ಮೊದಲ ದಿನ ಬರೀ ಅನ್ನ. ನಾನೂ ಭಾಯೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಅನ್ನ ಮಾಡೋಕೂ ಕ್ಲಾಸಾ ಅಂತ. ಭಾಯ್ ಕೈಯಲ್ಲಿ ಅಕ್ಕಿ ಬಿದ್ದರೆ ಒಂದು ಅಗುಳು ಇನ್ನೊಂದಕ್ಕೆ ತಾಗೋದಿಲ್ಲ. ಹಾಗೇ ಮಾಡಿ, ಮುಚ್ಚಳ ತೆಗೆದು ಎದೆಯುಬ್ಬಿಸಿ ನಿಂತರು.

ಟೀಚರಮ್ಮ ಊಟದ ಜೋಡಿ ಕಡ್ಡಿಯಲ್ಲಿ ಎತ್ತಿದರು. ಎಲ್ಲಾ ಅಗುಳೂ ಕೆಳಗೆ ಬಿದ್ದವು. ಅನ್ನ ಅಂಟಬೇಕಂತೆ. ಅಕ್ಕಿ ಬೇರೆ, ನೀರಿನ ಅಳತೆ ಬೇರೆ, ಉಪ್ಪು ಇಲ್ಲವೇ ಇಲ್ಲ. ಭಾಯ್ ನಾಲ್ಕು ಸಲ ಮಾಡಿದರು. ಐದನೇ ಸಲಕ್ಕೆ ಅನ್ನ ಸೌಟಿಗೇ ಅಂಟಿಕೊಂಡಿತು. ಟೀಚರಮ್ಮ ಚಪ್ಪಾಳೆ ತಟ್ಟಿದರು.

ಭಾಯ್ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಅಕ್ಕಾ, ಅನ್ನ ಹಿಂಗೆ ಅಂಟಿತು ಅಂತ ನಮ್ಮ ಅಬ್ಬಾ ನಂಗೆ ಹೊಡೆದಿದ್ರು. ಇವತ್ತು ಅದಕ್ಕೇ ಚಪ್ಪಾಳೆ."

೨. ಸಾರು

ಒಣಗಿಸಿದ ಮೀನನ್ನು ಬಡಗಿ ಕೀಸುಳಿ ಹೊಡೆದ ಹಾಗೆ ತೆಳ್ಳಗೆ ಹೆರೆದು, ಬಿಸಿನೀರಿಗೆ ಹಾಕಿ ಸೋಸಿ, ಅದಕ್ಕೆ ಮಿಸೋ ಅಂತ ಹುಳಿಸಿದ ಸೋಯಾಕಾಳಿನ ಮುದ್ದೆ ಕದಡೋದು. ಅಷ್ಟೇ ಸಾರು. ಇಳಿಸಿಬಿಡಿ ಅಂದರು.

ನನಗೆ ಕೈ ಬರಲಿಲ್ಲ. ಒಗ್ಗರಣೆ ಹಾಕದೆ ಸಾರು ಇಳಿಸಿದವಳಲ್ಲ ನಾನು. ಟೀಚರಮ್ಮ ಆ ಕಡೆ ತಿರುಗಿದಾಗ ಸಣ್ಣದಾಗಿ ಸಾಸಿವೆ, ಬೆಳ್ಳುಳ್ಳಿ, ಕರಿಬೇವು, ಒಂದೇ ಒಂದು ಒಣಮೆಣಸಿನಕಾಯಿ. ಚೊಂಯ್ ಅಂದದ್ದು ಗೆಸ್ಟ್ ಹೌಸಿಗೆಲ್ಲ ಕೇಳಿಸಿತು.

ಟೀಚರಮ್ಮ ಸೀನುತ್ತಾ ಬಂದು ರುಚಿ ನೋಡಿದರು. ಇನ್ನೊಂದು ಸಲ ನೋಡಿದರು. ಮೂರನೇ ಸಲ ಬಟ್ಟಲಿಗೇ ಬಗ್ಗಿಸಿಕೊಂಡರು. ಆಮೇಲೆ ಏನೋ ಉದ್ದವಾಗಿ ಹೇಳಿದರು. ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಹುಡುಗಿ ಹೇಳಿದಳು: "ಆಂಟಿ, ಇದು ತಪ್ಪಂತೆ. ಪರೀಕ್ಷೆ ದಿನ ಮಾಡಿದ್ರೆ ಫೇಲಂತೆ. ಆದ್ರೆ ಯಾವುದಾದ್ಮೇಲೆ ಯಾವುದು ಹಾಕ್ಬೇಕು, ನಿಧಾನವಾಗಿ ಹೇಳಿ ಅಂತಾರೆ. ಬರ್ಕೊಳ್ತಾರಂತೆ."

೩. ಮೊಟ್ಟೆ ಸುರುಳಿ

ಚೌಕಾಕಾರದ ಬಾಣಲಿಯಲ್ಲಿ ಮೊಟ್ಟೆಯನ್ನು ತೆಳ್ಳಗೆ ಹುಯ್ದು, ಕಡ್ಡಿಯಲ್ಲಿ ಸುತ್ತುತ್ತಾ, ಮತ್ತೆ ಹುಯ್ದು, ಮತ್ತೆ ಸುತ್ತಬೇಕು. ನನ್ನದು ಪ್ರತಿಸಲ ಹರಿದು ಪಲ್ಯ ಆಗುತ್ತಿತ್ತು. ಟೀಚರಮ್ಮ ಒಂದು ಉಪಾಯ ಹೇಳಿಕೊಟ್ಟರು. ಮೊಟ್ಟೆ ಬೇಡ, ಒದ್ದೆ ಟವಲು ಮಡಿಸಿ ಬಾಣಲಿಯಲ್ಲಿಟ್ಟು, ಎಗರಿಸಿ ಎಗರಿಸಿ ಸುತ್ತೋದು ರೂಢಿ ಮಾಡಿಕೊಳ್ಳಿ ಅಂತ.

ಭಾನುವಾರ ಬೆಳಿಗ್ಗೆ ಮನೆಯಲ್ಲಿ ಅದೇ ಮಾಡುತ್ತಿದ್ದೆ. ನಮ್ಮ ಅತ್ತೆ ಮುಳಬಾಗಿಲು ಕಡೆಯವರು, ಗಾಬರಿಯಾದರೆ ಬಾಯಲ್ಲಿ ತೆಲುಗೇ ಬರೋದು. ಬಾಗಿಲಲ್ಲಿ ನಿಂತು ನೋಡಿದರು. ಸೊಸೆ ಟವಲು ಹುರಿಯುತ್ತಿದ್ದಾಳೆ. ಟೊಮೆಟೊ ಮಂಡಿಯಲ್ಲಿದ್ದ ಮಗನಿಗೆ ಫೋನು ಮಾಡಿ, "ಕೋಡಲಿಕಿ ಪಿಚ್ಚಿ ಪಟ್ಟಿಂದಿರಾ" ಅಂದರಂತೆ. ಸೊಸೆಗೆ ಹುಚ್ಚು ಹಿಡಿದಿದೆ ಕಣೋ ಅಂತ.

ನಮ್ಮೆಜಮಾನ್ರು ನಿಂಬೆಹಣ್ಣು ಹಿಡಿದುಕೊಂಡೇ ಓಡಿ ಬಂದರು. ನಾನು ನಿಲ್ಲಿಸಲಿಲ್ಲ. ಇನ್ನು ಹತ್ತು ಸಲ ಬಾಕಿ ಇತ್ತು. ಅವರು ಬಗ್ಗಿ ನೋಡಿ, ಒಲೆ ಯಾಕೆ ಹಚ್ಚಿಲ್ಲ ಅಂತ ಕೇಳಿದರು. ಹಚ್ಚಿದರೆ ಟವಲು ಸುಡಲ್ವಾ ಅಂದೆ.

ಅತ್ತೆ ಉಸಿರು ಬಿಟ್ಟರು. "ಅಷ್ಟು ಬುದ್ಧಿ ಉಳ್ಕೊಂಡೈತಲ್ಲ, ಬಿಡಪ್ಪಾ."

೪. ಪರೀಕ್ಷೆ

ಜಪಾನಿನಿಂದ ಬಂದಿದ್ದ ಹಿರಿಯ ಸಾಹೇಬರಿಗೆ ಪೂರ್ತಿ ಊಟ ಬಡಿಸೋದೇ ಪರೀಕ್ಷೆ. ಅನ್ನ, ಸಾರು, ಸುಟ್ಟ ಮೀನು, ಮೊಟ್ಟೆ ಸುರುಳಿ, ಮೂಲಂಗಿ ಉಪ್ಪಿನಕಾಯಿ. ಬೆಳಿಗ್ಗೆ ಆರಕ್ಕೆ ಬಂದು ಶುರು ಮಾಡಿದೆವು. ಅನ್ನ ಅಂಟಿತು, ಮೊಟ್ಟೆ ಹರಿಯಲಿಲ್ಲ. ಸಾಸಿವೆ ಡಬ್ಬಿಯನ್ನು ಭಾಯ್ ಮೊದಲೇ ಬೀಗ ಹಾಕಿಟ್ಟಿದ್ದರು.

ಊಟದ ಹೊತ್ತಿಗೆ ನೋಡಿದರೆ ಮೇಜಿನ ಮೇಲೆ ಎರಡು ತಟ್ಟೆ. ಮ್ಯಾನೇಜರಿಗೆ ನಮ್ಮ ಮೇಲೆ ನಂಬಿಕೆ ಇರಲಿಲ್ಲ. ನಮಗೆ ಹೇಳದೆ ಬೆಂಗಳೂರಿನ ದೊಡ್ಡ ಹೋಟೆಲಿನಿಂದಲೂ ಅದೇ ಊಟ ತರಿಸಿದ್ದರು. ಒಂದು ಹೋಟೆಲಿನದು, ಒಂದು ನಮ್ಮ ಅಡುಗೆಯವರದು ಅಂತಷ್ಟೇ ಸಾಹೇಬರಿಗೆ ಹೇಳಿಸಿದರು. ಯಾವುದು ಯಾವುದು ಅಂತ ಹೇಳಲಿಲ್ಲ. ನಾನು ಸೆರಗು ಬಿಗಿದುಕೊಂಡು ಅಲ್ಲೇ ನಿಂತೆ, ಏನಾದರೂ ಆಗಲಿ ನೋಡೇ ಹೋಗೋಣ ಅಂತ.

ಸಾಹೇಬರು ಒಂದು ತಟ್ಟೆಯನ್ನು ಎರಡು ತುತ್ತಿಗೆ ಪಕ್ಕಕ್ಕೆ ಸರಿಸಿದರು. ಇನ್ನೊಂದನ್ನು ಅಗುಳು ಬಿಡದೆ ಊಟ ಮಾಡಿದರು. ಅದು ನಮ್ಮದು. ಆಮೇಲೆ ನಿಧಾನವಾಗಿ ಮಾತಾಡಿದರು. ಹುಡುಗಿ ತಲೆ ಬಗ್ಗಿಸಿಕೊಂಡು ಹೇಳಿದಳು: "ಈ ಖಾಲಿ ತಟ್ಟೆ ಹೋಟೆಲಿನದಂತೆ, ತಿಂದ ತಕ್ಷಣ ಗೊತ್ತಾಯ್ತಂತೆ. ಆ ಇನ್ನೊಂದು ನಮ್ಮೋರು ಮಾಡಿದ್ದಂತೆ. ಪಾಪ, ಮೂರು ವಾರದಲ್ಲಿ ಎಷ್ಟು ಬರುತ್ತೆ, ಬೈಬೇಡಿ ಅಂತಾರೆ ಸಾರ್."

ಮ್ಯಾನೇಜರು ಬಾಯಿ ತೆರೆದವರು ಮುಚ್ಚಲಿಲ್ಲ. ಅಡುಗೆಮನೆ ನಮ್ಮ ಕೈ ಬಿಟ್ಟು ಹೋಗೋದಿಲ್ಲ ಅಂತ ಆ ಮುಖ ನೋಡಿಯೇ ನಮಗೆ ಗೊತ್ತಾಯಿತು. ಹುಡುಗಿ ನಿಜ ಹೇಳೋಣ ಅನ್ನುವಷ್ಟರಲ್ಲಿ ಸಾಹೇಬರು ಎದ್ದು ಬಾಗಿಲ ಕಡೆ ನಡೆದುಬಿಟ್ಟಿದ್ದರು. ಅಲ್ಲಿ ಹೋಟೆಲಿನ ಪಾರ್ಸಲ್ ತಂದಿದ್ದ, ಮೀಸೆ ನರೆತ ಡೆಲಿವರಿಯವನೊಬ್ಬ ಖಾಲಿ ಡಬ್ಬಿಗಳಿಗೆ ಕಾಯುತ್ತಾ ನಿಂತಿದ್ದ. ಗೆಸ್ಟ್ ಹೌಸಿನ ಅಡುಗೆಯವನು ಇವನೇ ಅಂದುಕೊಂಡ ಸಾಹೇಬರು ಅವನ ಎರಡೂ ಕೈ ಹಿಡಿದು, ಬೆನ್ನು ತಟ್ಟಿ, ಬೇಜಾರು ಮಾಡಿಕೊಳ್ಳಬೇಡ, ಇನ್ನೂ ಕಷ್ಟಪಡು, ಒಂದಲ್ಲ ಒಂದು ದಿನ ಕಲಿಯುತ್ತೀಯ ಅಂತ ಜಪಾನಿ ಭಾಷೆಯಲ್ಲಿ ಧೈರ್ಯ ಹೇಳಿದರು.

ಅವನಿಗೆ ಒಂದಕ್ಷರ ಅರ್ಥ ಆಗಲಿಲ್ಲ. ಆದರೂ ಕೈ ಮುಗಿದ.

"ಆಯ್ತು ಸಾರ್. ಆ್ಯಪಲ್ಲಿ ಮರೀದೆ ಐದು ಸ್ಟಾರ್ ಒತ್ಬಿಡಿ ಸಾರ್."