ಬೈರಪ್ಪನವರ ಕತ್ತಿನ ಗೆರೆ

ಬೈರಪ್ಪನವರ ಕತ್ತಿನ ಸುತ್ತ ಒಂದು ಕಪ್ಪು ಗೆರೆ ಕಾಣಿಸಿಕೊಂಡದ್ದೇ ಅವತ್ತಿನ ರಾದ್ಧಾಂತಕ್ಕೆಲ್ಲ ಮೂಲ. ನಿಜವಾದ ಕತ್ತಲ್ಲ, ಕಂಪ್ಯೂಟರಿನೊಳಗಿನ ಕತ್ತು.

ಬೈರಪ್ಪನವರು ಹೊಸಹಳ್ಳಿಯ ಹಳೇ ಕುಳ. ಒಂದು ಕಾಲಕ್ಕೆ ರಾಗಿ ಒಕ್ಕುತ್ತಿದ್ದ ಕಣದಲ್ಲಿ ಮಳಿಗೆ ಕಟ್ಟಿಸಿ, ಹುಡುಗರು ಆಟವಾಡಲು ಗೇಮಿಂಗ್ ಸೆಂಟರ್ ತೆರೆಯಲು ಹೊರಟಿದ್ದರು. ಪ್ರಾಯದಲ್ಲಿ ಗರಡಿಯ ಮಣ್ಣಿನಲ್ಲಿ ಹೊರಳಾಡಿದ ಮೈ. ಹಾಗಾಗಿ ಕುಸ್ತಿ ಆಟದೊಳಗೆ ತಮ್ಮದೇ ಗೊಂಬೆ ಇರಬೇಕು, ಸಂಜೆ ಆರಕ್ಕೆ ಟೇಪು ಕತ್ತರಿಸಿದ ಕೂಡಲೇ ಅದು ದೊಡ್ಡ ಪರದೆಯ ಮೇಲೆ ಪರದೇಶದ ಪೈಲ್ವಾನರನ್ನು ಎತ್ತಿ ಒಗೆಯಬೇಕು ಎಂದು ಆಸೆ. ಗೊಂಬೆ ಮಾಡುವ ಕೆಲಸ ಗದಗ ಕಡೆಯ ವೀರೇಶನ ಪಾಲಿಗೆ ಬಂದಿತ್ತು.

"ಏನೋ ಇದು, ನನ್ನ ಕತ್ತಿಗೆ ಹಗ್ಗ ಹಾಕಿದೀಯಾ?" ಬೆಳಗ್ಗೆ ಪರದೆ ನೋಡಿದವರೇ ಬೈರಪ್ಪನವರು ಗುಡುಗಿದರು.

"ಹಗ್ಗ ಅಲ್ರೀ ಗೌಡ್ರ, ನೆರಳ್ರೀ ಅದು."

"ಯಾವ್ದಾದ್ರೂ ಆಗ್ಲಿ, ಸಂಜೆಯೊಳಗೆ ಹೋಗ್ಬೇಕು. ಹೋಯ್ತೋ, ಆ ಹಸಿರು ಕಿಟಕಿ ಮನೆ ಬಾಡಿಗೆಗೆ ನಿಂಗೇ. ಹೋಗ್ಲಿಲ್ವೋ, ಬೇರೆ ಕಡೆ ನೋಡ್ಕೋ."

ವೀರೇಶನಿಗೆ ಮದುವೆಯಾಗಿ ಎರಡು ತಿಂಗಳು. "ಮನಿ ಆಗೇತಿ, ಬಾ" ಎಂದು ಗೌಡರ ವಿಳಾಸ ಕೊಟ್ಟು ಹೆಂಡತಿಗೆ ಹೇಳಿಯೂ ಬಿಟ್ಟಿದ್ದ. ನೀಲಾಂಬಿಕಾ ಆ ಹೊತ್ತಿಗೆ ಟ್ರಂಕಿನ ಸಮೇತ ಹುಬ್ಬಳ್ಳಿಯಲ್ಲಿ ರೈಲು ಹತ್ತಿ ಆಗಿತ್ತು. ಅವನಿದ್ದದ್ದೋ ಬಾಪೂಜಿ ನಗರದ ಒಂದೇ ಕೋಣೆಯಲ್ಲಿ, ಇನ್ನೂ ಮೂವರು ಗಂಡಸರ ಜೊತೆ.

ಗೊಂಬೆಯ ಮೈ ಆಟದಲ್ಲಿ ಮೊದಲೇ ಇದ್ದದ್ದು, ತಲೆ ವೀರೇಶ ಮಾಡಿದ್ದು. ಎರಡೂ ಒಳಗೆ ಬರೀ ಜಾಲರಿ. ಜಾಲರಿಯ ಒಂದೊಂದು ಗಂಟಿನಲ್ಲೂ ಕಣ್ಣಿಗೆ ಕಾಣದ ಒಂದು ಸೂಜಿ. ಅದು ಯಾವ ಕಡೆ ಮುಖ ಮಾಡಿದೆ ಎಂದು ನೋಡಿಕೊಂಡು ಬೆಳಕು ಬೀಳುತ್ತದೆ. ಕತ್ತಿನಲ್ಲಿ ಕೂಡಿಸಿದ ಕಡೆ ತಲೆಯ ಸೂಜಿ ಒಂದು ದಿಕ್ಕು, ಮೈಯ ಸೂಜಿ ಇನ್ನೊಂದು ದಿಕ್ಕು. ಮಖಮಲ್ಲಿನ ಎರಡು ತುಂಡನ್ನು ಒಂದರ ಜುಂಗು ಮೇಲಕ್ಕೆ, ಇನ್ನೊಂದರದು ಕೆಳಕ್ಕೆ ಇಟ್ಟು ಹೊಲಿದರೆ ಬಣ್ಣವೇ ಬೇರೆ ಅನ್ನಿಸುವುದಿಲ್ಲವೇ, ಹಾಗೆ.

ಪಕ್ಕದ ಫೋಟೋ ಸ್ಟುಡಿಯೋ ನಾಣಿ ಬಂದು ಹೆಗಲ ಮೇಲೆ ಗದ್ದ ಊರಿದ. "ಇಷ್ಟೇನಾ ಗುರು? ಕತ್ತಿಗೊಂದು ಹಾರ ಹಾಕ್ಬಿಡು, ಮುಚ್ಚೋಗತ್ತೆ."

ವೀರೇಶ ಹಾಕಿದ. ಇಬ್ಬರೂ ದೂರ ನಿಂತು ನೋಡಿದರು. ಊದುಬತ್ತಿಯೊಂದು ಕಮ್ಮಿ. ಗೌಡರ ತಿಥಿಗೆ ಕರೆದಂತಿತ್ತು. ಗಾಬರಿಯಲ್ಲಿ ಹಾರ ಕಿತ್ತ.

"ಹಂಗಾದ್ರೆ ಸೂಜಿನೆಲ್ಲಾ ಉಲ್ಟಾ ತಿರುಗ್ಸು ಮಗಾ."

ತಿರುಗಿಸಿದ. ಹೊರಗು ಒಳಗಾಗಿ ಗೌಡರ ಮುಖವೇ ಮಾಯವಾಯಿತು. ಮುಂದಿನಿಂದ ನೋಡಿದರೆ ತಲೆಬುರುಡೆಯ ಒಳಗಿನ ಹಿಂಗೋಡೆ, ತುರಿದಿಟ್ಟ ತೆಂಗಿನ ಚಿಪ್ಪಿನಂತೆ. ಕಾಫಿ ತಂದ ಗೌಡರ ಹೆಂಡತಿ ಯಶೋದಮ್ಮ ಸರಿಯಾಗಿ ಆಗಲೇ ಒಳಗೆ ಬರಬೇಕೆ?

"ಅಯ್ಯೋ, ಒಳಗೇನೂ ಇಲ್ವಲ್ಲಪ್ಪಾ!" ಎಂದು ಬಗ್ಗಿ ನೋಡಿದರು. ಆಮೇಲೆ ಲೋಟ ಇಡುತ್ತಾ, "ಮೂವತ್ತು ವರ್ಷದಿಂದ ನಾನು ಹೇಳ್ತಾ ಇದ್ದಿದ್ದೂ ಅದನ್ನೇ," ಎಂದರು.

ಫೋನು ಬಡಿದುಕೊಂಡಿತು. ರೈಲಿನಲ್ಲಿ ಯಾರದೋ ಮೊಬೈಲು ಕಾಡಿ ಬೇಡಿ ಇಸಿದುಕೊಂಡ ನೀಲಾಂಬಿಕಾ. "ತುಮಕೂರು ಬಂತ್ರಿ. ಅಡಗಿಮನಿ ದೊಡ್ಡದೈತಿಲ್ಲೋ?"

"ಐತಿ, ಐತಿ, ಇಡು!"

ಇನ್ನು ಸರಿಯಾದ ದಾರಿ ಒಂದೇ: ಕತ್ತಿನ ಸುತ್ತಲಿನ ಗಂಟು ಒಂದೊಂದನ್ನೇ ಹಿಡಿದು, ಆಚೆಯ ಸೂಜಿ ಈಚೆಯ ಸೂಜಿ ಎರಡನ್ನೂ ಒಂದೇ ದಿಕ್ಕಿಗೆ ತಿರುಗಿಸುವುದು. ಹೂ ಕಟ್ಟುವಷ್ಟೇ ತಾಳ್ಮೆಯ ಕೆಲಸ. ಅರ್ಧ ಕತ್ತು ಮುಗಿಯುವಷ್ಟರಲ್ಲಿ ಐದೂ ಕಾಲು. ಹೊರಗೆ ಆಗಲೇ ಕುರ್ಚಿ ಎಳೆಯುವ ಸದ್ದು.

ಯಶೋದಮ್ಮ ಮಾತ್ರ ಕದಲಿರಲಿಲ್ಲ. "ಕತ್ತಿರಲಿ, ಹಣೆ ಮೇಲೆ ಇದೇನು ಮೂರು ಗೆರೆ? ಕೆನ್ನೆ ಗುಳಿ ಬೇರೆ. ಧಾರೆ ದಿನ ಬೆಣ್ಣೆಮುದ್ದೆ ಥರ ಇದ್ರು ಕಣಪ್ಪ ನಮ್ಮವರು. ಊರೆಲ್ಲ ಬರತ್ತೆ. ಪಕ್ಕದ ಮನೆ ಮೈದುನ ನೋಡಿ ನಗಬಾರದು, ನೋಡು."

ವೀರೇಶನಿಗೂ ಸಾಕಾಗಿತ್ತು. ಇಡೀ ತಲೆಯನ್ನು ಕತ್ತಿನ ಸಮೇತ ಆರಿಸಿ, ಎಲ್ಲವನ್ನೂ ನುಣುಪು ಮಾಡುವ ಬಟನ್ನು ಒಂದೇ ಏಟಿಗೆ ಒತ್ತಿದ. ಗೆರೆ ಹೋಯಿತು. ಹಣೆಯದೂ ಹೋಯಿತು, ಗುಳಿಯೂ ಮುಚ್ಚಿತು. ಎಣ್ಣೆ ಸವರಿದ ಬದನೆಕಾಯಿಯಂತೆ ಮುಖ ಫಳಫಳ. ಯಶೋದಮ್ಮ ಪರದೆಗೇ ನೆಟಿಗೆ ಮುರಿದು ದೃಷ್ಟಿ ತೆಗೆದರು.

ಆರಕ್ಕೆ ಟೇಪು ಕತ್ತರಿಸಿದರು. ಗೊಂಬೆ ತೊಡೆ ತಟ್ಟಿಕೊಂಡು ದೊಡ್ಡ ಪರದೆಗೆ ಬಂತು. ಜನ ಕತ್ತು ಚಾಚಿ ನೋಡಿದರು. ಆಮೇಲೆ ಹಿಂದಿನ ಸಾಲಿನಿಂದ ಯಾರೋ ಕೂಗಿದರು.

"ಅರೆ, ನಮ್ಮ ಹನುಮಂತಯ್ಯ!"

ಹನುಮಂತಯ್ಯ ಅಂದರೆ ಆ ಮೈದುನನೇ, ಗೌಡರ ಖಾಸಾ ತಮ್ಮ. ಆಸ್ತಿ ಪಾಲಿನ ಕೇಸು ಬಿದ್ದು, ಅಣ್ಣತಮ್ಮ ಮಾತು ಬಿಟ್ಟು ಹದಿನಾಲ್ಕು ವರ್ಷ. ಇಬ್ಬರದೂ ಒಂದೇ ಅಚ್ಚಿನ ಮುಖ. ಅಣ್ಣನ ಹಣೆಯ ಗೆರೆ, ಕೆನ್ನೆಯ ಗುಳಿ ನೋಡಿಯೇ ಊರಿನವರು ಗುರುತು ಹಿಡಿಯುತ್ತಿದ್ದದ್ದು. "ಹೊಡಿ ಹನುಮಂತಣ್ಣ, ಎತ್ತಾಕು!" ಎಂದು ಹುಡುಗರು ಕುಣಿದರು. ಕಾಂಪೌಂಡಿನ ಆಚೆ ಕದ್ದು ನೋಡುತ್ತಿದ್ದ ಹನುಮಂತಯ್ಯನವರು ಮೀಸೆ ತಿರುವುತ್ತಾ ಕರೆಯದಿದ್ದರೂ ಒಳಗೆ ಬಂದರು.

"ಯಾರೋ ನಿಂಗೆ ಹೀಗ್ ಮಾಡು ಅಂದಿದ್ದು?" ಬೈರಪ್ಪನವರು ವೀರೇಶನ ಕಾಲರಿಗೆ ಕೈ ಹಾಕಿದರು. ವೀರೇಶ ಸುತ್ತ ನೋಡಿದ. ಯಶೋದಮ್ಮ ಯಾವಾಗಲೋ ಅಡುಗೆಮನೆ ಸೇರಿದ್ದರು. "ಮನೆಯಂತೆ ಮನೆ! ನಡಿ ಆಚೆಗೆ!"

ಆಚೆ ಆಟೋ ನಿಂತಿತ್ತು. ಟ್ರಂಕಿನ ಪಕ್ಕ ನೀಲಾಂಬಿಕಾ, ಮುಖದ ತುಂಬ ನಗು.

"ಅವನು ಕೊಡ್ದಿದ್ರೆ ಬಿಡಪ್ಪ," ಹಿಂದೆಯೇ ಬಂದ ಹನುಮಂತಯ್ಯನವರು ಬೆನ್ನು ತಟ್ಟಿದರು. "ನನ್ನ ಮುಖ ಇಷ್ಟು ಲಕ್ಷಣವಾಗಿದೆ ಅಂತ ನಂಗೇ ಗೊತ್ತಿರ್ಲಿಲ್ಲ. ಮನೆ ನಾನು ಕೊಡ್ತೀನಿ. ಬಾಮ್ಮ, ಬಾ."

ವೀರೇಶ ಟ್ರಂಕು ತಲೆಯ ಮೇಲಿಟ್ಟುಕೊಂಡು ಅವರ ಹಿಂದೆ ಓಡಿದ. ನೆಲ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಹದಿನೆಂಟು ಮೆಟ್ಟಿಲು ಹತ್ತಿ, ಟ್ರಂಕು ಇಳಿಸಿ ತಲೆಯೆತ್ತಿದರೆ ಹಸಿರು ಕಿಟಕಿ.

"ಇದು ಗೌಡ್ರು ಕೊಡ್ತೀನಂದ ಮನಿ ಅಲ್ಲೇನ್ರಿ?" ಎಂದ ವೀರೇಶ.

"ಕೊಡಕ್ಕೆ ಅವನ್ಯಾರು? ನಮ್ಮಪ್ಪ ನನಗೇ ಅಂತ ಕಟ್ಸಿದ್ದು!"

"ನಂಗೆ ಕಣೋ!" ಕೆಳಗಿನಿಂದ ಬೈರಪ್ಪನವರ ದನಿ.

ಬಾಗಿಲಿನ ಬೀಗಕ್ಕೆ ಬಟ್ಟೆ ಸುತ್ತಿ, ಅರಗು ಸುರಿದು, ಕೋರ್ಟಿನ ಮುದ್ರೆ ಒತ್ತಿತ್ತು. ಮುದ್ರೆಯ ಮೇಲೆ ಜೇಡ ಬಲೆ ಕಟ್ಟಿತ್ತು.

"ಮುಂದಿನ ತಿಂಗಳು ವಾಯಿದೆ," ಹನುಮಂತಯ್ಯನವರು ಧೈರ್ಯ ಹೇಳಿದರು. "ಈ ಸಲ ತೀರ್ಪು ಗ್ಯಾರಂಟಿ ಅಂತೆ. ಹದಿನಾಲ್ಕು ವರ್ಷದಿಂದ ನಮ್ಮ ಲಾಯರು ಒಂದೇ ಮಾತು ಹೇಳ್ತಾ ಇದಾರೆ."

ನೀಲಾಂಬಿಕಾ ಬಗ್ಗಿ ಆ ಅರಗನ್ನು ನೋಡಿದಳು, ಗಂಡನನ್ನು ನೋಡಿದಳು. ಸೆರಗು ಸುತ್ತಿ ಟ್ರಂಕಿನ ಮೇಲೆ ಕೂತಳು.

"ಹುಬ್ಬಳ್ಳಿಗೆ ವಾಪಸ್ ಗಾಡಿ ಎಷ್ಟಕ್ಕೈತ್ರಿ?"